ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು



ಕೆಲವು ತಿಂಗಳ ಹಿಂದೆ ವಿಜಯನಗರದ ಒಂದು ಮನೆಗೆ ಸಂಜೆಯ ಪ್ರಾರ್ಥನೆಗೆಂದು ಹೋಗಿದ್ದೆ. ತಾತ ಕಿಟಕಿಯ ಪಕ್ಕ ಕುಳಿತು, ಬೆಳಿಗ್ಗೆ ಒಮ್ಮೆ ಓದಿ ಮುಗಿಸಿದ್ದ ಪತ್ರಿಕೆಯನ್ನು ಮತ್ತೆ ಬಿಡಿಸಿಕೊಂಡಿದ್ದರು. ಮಗ ಟೀವಿಯ ಮುಂದಿದ್ದ. ಮೊಮ್ಮಗಳ ಕಣ್ಣು ಮೊಬೈಲಿನಲ್ಲಿತ್ತು. ಊರಿನಲ್ಲಿ ಹಿಂದಿನ ದಿನ ನಡೆದಿದ್ದ ಒಂದು ಸಣ್ಣ ಗಲಾಟೆಯ ಮಾತು ಬಂತು. ಪತ್ರಿಕೆಯ ಪ್ರಕಾರ ಇಬ್ಬರಿಗೆ ಗಾಯವಾಗಿತ್ತು. ಟೀವಿಯ ಪ್ರಕಾರ ಇಡೀ ಬಡಾವಣೆಯೇ ಉದ್ವಿಗ್ನವಾಗಿತ್ತು. ಮೊಬೈಲಿನ ಪ್ರಕಾರ ಎಂಟು ಜನ ಸತ್ತಿದ್ದರು, ಮತ್ತು ಅದನ್ನು "ಎಲ್ಲರೂ ಮುಚ್ಚಿಡುತ್ತಿದ್ದರು".

ತಾತ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಫಾದರ್, ಪೇಪರಿನಲ್ಲಿ ಬಂದದ್ದು ನಿಜಾನಾ, ಟೀವಿಯವನು ಹೇಳಿದ್ದು ನಿಜಾನಾ, ಇವಳ ಫೋನಿನಲ್ಲಿ ಬಂದದ್ದು ನಿಜಾನಾ?"

"ಪೇಪರನ್ನೇ ನಂಬಿ" ಎಂದು ಹೇಳಿ ಪ್ರಾರ್ಥನೆ ಆರಂಭಿಸಬಹುದಿತ್ತು. ಆದರೆ ಅದು ಪ್ರಾಮಾಣಿಕ ಉತ್ತರವಾಗುತ್ತಿರಲಿಲ್ಲ. ಪತ್ರಿಕೆಯೂ ತಪ್ಪುತ್ತದೆ, ಟೀವಿಯೂ ಕೆಲವೊಮ್ಮೆ ಸತ್ಯ ಹೇಳುತ್ತದೆ, ಫೋನಿನಲ್ಲಿಯೂ ನಿಜವಾದ ಸುದ್ದಿ ಬರುತ್ತದೆ. ಹಾಗಾದರೆ ಆರಿಸುವುದು ಹೇಗೆ? ನಮ್ಮ ಮನೆಗಳಲ್ಲಿ ದಿನವೂ ಸುದ್ದಿ, ರಾಜಕೀಯ, ಕ್ರಿಕೆಟ್, ಟೀವಿ ಇವುಗಳದ್ದೇ ಮಾತು. ಆ ಮಾತನ್ನು ಆಡುವ, ಕೇಳುವ, ಹಂಚುವ ರೀತಿಯನ್ನು ಕುರಿತು ಈ ವಾರ ಸ್ವಲ್ಪ ಯೋಚಿಸೋಣ.

ಸುದ್ದಿ ಬೇರೆ, ಅನಿಸಿಕೆ ಬೇರೆ

ಪತ್ರಿಕೆಯೊಂದರಲ್ಲಿ ಮೂರು ಬಗೆಯ ಬರಹಗಳಿರುತ್ತವೆ. ಮೊದಲನೆಯದು ವರದಿ. "ರಾಜಾಜಿನಗರದ ಇಂಥ ಬೀದಿಯಲ್ಲಿ ಎರಡು ದಿನ ನೀರು ಬರಲಿಲ್ಲ" ಎಂದರೆ ಅದು ವರದಿ. ಹೋಗಿ ನೋಡಿ ಅದನ್ನು ಪರೀಕ್ಷಿಸಬಹುದು. ಎರಡನೆಯದು ಸಂಪಾದಕೀಯ. "ಇದಕ್ಕೆ ಹೀಗೆ ಪರಿಹಾರ ಮಾಡಬೇಕು" ಎಂದು ಅದು ವಾದಿಸುತ್ತದೆ. ಮೂರನೆಯದು ಅಂಕಣ. ಅದೇ ಬೀದಿಯ ಅಜ್ಜಿಯೊಬ್ಬಳು ಬಿಂದಿಗೆಗಳ ಸಾಲಿನಲ್ಲಿ ತನ್ನ ಜಾಗಕ್ಕೊಂದು ಕಲ್ಲಿಟ್ಟು ಮನೆಗೆ ಹೋಗಿ ಕಾಫಿ ಕುಡಿದು ಬಂದಳು ಎಂದು ಬರೆದು, ನಮ್ಮನ್ನು ನಗಿಸಿ, ಆಮೇಲೆ ಸುಮ್ಮನೆ ಯೋಚನೆಗೆ ಹಚ್ಚುವುದು ಅಂಕಣ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಅದನ್ನು ಹೊರತಂದವರು ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದ ನಾಲ್ಕು ಪುಟಗಳ ಆ ಹಾಳೆಯಿಂದ ಇಂದಿನವರೆಗೆ ಪತ್ರಿಕೆ ಬಹಳ ದೂರ ಬಂದಿದೆ. ಈ ದಾರಿಯಲ್ಲಿ ಕನ್ನಡಿಗರು ಅತ್ಯಂತ ಪ್ರೀತಿಯಿಂದ ಓದಿದ ಬರಹಗಳಲ್ಲಿ ಅಂಕಣಗಳೂ ಸೇರಿವೆ. 'ಪ್ರಜಾವಾಣಿ'ಯಲ್ಲಿ ಟಿಎಸ್ಸಾರ್ ಅವರ 'ಛೂಬಾಣ'ಕ್ಕೆಂದೇ ಪತ್ರಿಕೆ ಬಿಡಿಸುತ್ತಿದ್ದವರು ಇದ್ದರು. ಹಾ. ಮಾ. ನಾಯಕರ ಅಂಕಣ ಬರಹಗಳ ಸಂಕಲನ 'ಸಂಪ್ರತಿ'ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂತು. ದಿನಪತ್ರಿಕೆಯ ಮೂಲೆಯಲ್ಲಿ ಹುಟ್ಟಿದ ಬರಹ ಸಾಹಿತ್ಯವಾಗಿ ನಿಂತಿತು. ವೈಎನ್ಕೆ ಅವರು ತಮ್ಮ ಅಂಕಣಕ್ಕೆ 'ವಂಡರ್ ಕಣ್ಣು' ಎಂದು ಹೆಸರಿಟ್ಟಿದ್ದರು. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತುಗಳನ್ನೇ ತೆಗೆದುಕೊಳ್ಳದೆ ಓದುಗರ ಹಣದಿಂದಲೇ ನಡೆಯಿತು. ಅವರ ಮಗಳು ಗೌರಿ ಲಂಕೇಶ್ 2005ರಲ್ಲಿ ತಮ್ಮದೇ ವಾರಪತ್ರಿಕೆಯನ್ನು ತಂದಾಗ ತಮ್ಮ ಅಂಕಣವನ್ನು 'ಕಂಡ ಹಾಗೆ' ಎಂದು ಕರೆದರು.

'ವಂಡರ್ ಕಣ್ಣು', 'ಕಂಡ ಹಾಗೆ' ಎಂಬ ಹೆಸರುಗಳನ್ನು ಗಮನಿಸಿ. "ಇದು ನನ್ನ ಕಣ್ಣು, ನನಗೆ ಕಂಡದ್ದು ಇದು, ನಿಮಗೆ ಬೇರೆ ಕಾಣಬಹುದು" ಎಂದು ಬರೆಯುವವರು ಮೊದಲೇ ಹೇಳಿಬಿಟ್ಟಿದ್ದಾರೆ. ಕೆಳಗೆ ಹೆಸರಿದೆ. ತಪ್ಪಾದರೆ ಪತ್ರ ಬರೆದು ಕೇಳಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಅಂಕಣದ ಪ್ರಾಮಾಣಿಕತೆ ಇರುವುದು ಇಲ್ಲಿ. ಅದು ಅನಿಸಿಕೆಯನ್ನು ಸುದ್ದಿಯ ವೇಷದಲ್ಲಿ ಮಾರುವುದಿಲ್ಲ.

ಇಂದಿನ ತೊಂದರೆ ಅನಿಸಿಕೆಗಳು ಹೆಚ್ಚಾದದ್ದರಿಂದ ಬಂದದ್ದಲ್ಲ. ಅನಿಸಿಕೆ, ವರದಿ, ಗಾಳಿಮಾತು ಮೂರೂ ಒಂದೇ ಅಂಗಿ ತೊಟ್ಟುಕೊಂಡು, ಹೆಸರಿಲ್ಲದೆ, ಒಂದೇ ಬಾಗಿಲಿನಿಂದ ಮನೆಯೊಳಗೆ ಬರುತ್ತಿರುವುದೇ ತೊಂದರೆ.

ಕ್ಯಾಮೆರಾ ಕಾಣದ 175 ರನ್

"ಫೋಟೋ ಇದೆಯಲ್ಲ ಫಾದರ್, ವಿಡಿಯೋ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು?" ಎಂದು ಹಲವರು ನನ್ನನ್ನು ಕೇಳಿದ್ದಾರೆ. ಅವರಿಗೆ ನಾನು ಕ್ರಿಕೆಟ್ಟಿನ ಒಂದು ಪ್ರಸಂಗವನ್ನು ನೆನಪಿಸುತ್ತೇನೆ.

1983ರ ಜೂನ್ 18. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ವಿಶ್ವಕಪ್ ಪಂದ್ಯ, ಎದುರಾಳಿ ಜಿಂಬಾಬ್ವೆ. ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ನಾಯಕ ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದರು. ಇನ್ನೊಂದು ತುದಿಯಲ್ಲಿ ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ 24 ರನ್ ಮಾಡಿ ಔಟಾಗದೆ ನಿಂತರು. ಇಬ್ಬರೂ ಸೇರಿ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್ ಕೂಡಿಸಿದರು. ಭಾರತ 266 ರನ್ ಮಾಡಿ, 31 ರನ್ನುಗಳಿಂದ ಗೆದ್ದಿತು. ಒಂದು ವಾರದ ನಂತರ, ಜೂನ್ 25ರಂದು, ವಿಶ್ವಕಪ್ಪನ್ನೂ ಗೆದ್ದಿತು.

ಆ ಇನ್ನಿಂಗ್ಸ್ ಟೀವಿಯಲ್ಲಿ ಬರಲಿಲ್ಲ. ಅದರ ಚಲಿಸುವ ಚಿತ್ರ ಇಂದು ನೋಡಲು ಸಿಗುವುದಿಲ್ಲ. ಆದರೂ ಅದು ನಡೆಯಿತೇ ಎಂದು ಯಾರೂ ಅನುಮಾನಿಸುವುದಿಲ್ಲ. ಏಕೆ? ಅಂಕಪಟ್ಟಿ ಬರೆದವರಿದ್ದರು, ಪತ್ರಿಕೆಯವರಿದ್ದರು, ಮೈದಾನದ ಸುತ್ತ ಜನರಿದ್ದರು, ಎದುರು ತುದಿಯಲ್ಲಿ ಕಿರ್ಮಾನಿ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಸೋತ ಜಿಂಬಾಬ್ವೆಯ ಆಟಗಾರರಿದ್ದರು. ಹೊಗಳಬೇಕಾದ ಅಗತ್ಯವೇ ಇಲ್ಲದವರೂ ಅದೇ ಮಾತನ್ನು ಹೇಳಿದರು. ಬೇರೆ ಬೇರೆ ಸ್ಥಾನಗಳಲ್ಲಿ ನಿಂತವರು, ತಮ್ಮ ಹೆಸರಿನಲ್ಲಿ, ಒಂದೇ ಸಂಗತಿಯನ್ನು ಹೇಳಿದಾಗ ಅದು ಸಾಕ್ಷಿಯಾಗುತ್ತದೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಭಾರತೀಯ ನ್ಯಾಯದರ್ಶನದ ಪಾಠವೂ ಇತ್ತು. ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಅದು ಹೇಳುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ನೆಂಟನಲ್ಲ, ಗೆಳೆಯನೂ ಅಲ್ಲ. ವಿಷಯವನ್ನು ತಾನೇ ನೇರವಾಗಿ ಅರಿತು, ಅದನ್ನು ಕಂಡ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತ ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಪತ್ರಕರ್ತನಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಇನ್ನೂ ಸಿಕ್ಕಿಲ್ಲ.

ನಾವು ತಿಳಿದಿದ್ದೇವೆ ಎಂದುಕೊಂಡಿರುವ ವಿಷಯಗಳಲ್ಲಿ ಕಣ್ಣಾರೆ ಕಂಡದ್ದು ಎಷ್ಟು? ಹೆಚ್ಚಿನದೆಲ್ಲ ಇನ್ನೊಬ್ಬರ ಮಾತಿನಿಂದ ಬಂದದ್ದೇ. ಆದ್ದರಿಂದ "ನಾನು ಕಂಡದ್ದನ್ನಷ್ಟೇ ನಂಬುತ್ತೇನೆ" ಎನ್ನುವುದು ಜಾಣತನವಲ್ಲ, ಅದು ಸಾಧ್ಯವೂ ಇಲ್ಲ. ಯಾರ ಮಾತನ್ನು ನಂಬಬೇಕು, ಅವರಿಗೆ ಅದು ಹೇಗೆ ತಿಳಿಯಿತು, ಹೇಳಿದ್ದಕ್ಕೆ ಹೊಣೆ ಹೊರುತ್ತಾರೆಯೇ ಎಂದು ಕೇಳುವುದೇ ಜಾಣತನ.

ಟೀವಿ ತೋರಿಸುವುದು, ಟೀವಿ ಕತ್ತರಿಸುವುದು

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಬೀದಿಗೊಂದು ಟೀವಿ ಇದ್ದ ಕಾಲ ಅದು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ಬರತೊಡಗಿದಾಗ ನಾನು ಚಿಕ್ಕ ಹುಡುಗ. ಪಕ್ಕದ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದ ಹತ್ತಾರು ಮಕ್ಕಳಲ್ಲಿ ನಾನೂ ಒಬ್ಬ. ಎರಡನೆಯ ಪೂಜೆಗೆ ಹೋಗುವ ಬದಲು ಮೊದಲ ಪೂಜೆಗೇ ಹೋಗೋಣವೆಂದು ಹಟ ಹಿಡಿಯುತ್ತಿದ್ದೆ. ಅಮ್ಮ ಅದನ್ನು ಭಕ್ತಿ ಎಂದುಕೊಂಡಿದ್ದರು!

ಆಗಿನ ಸುದ್ದಿ ದಿನಕ್ಕೆ ಕೆಲವೇ ನಿಮಿಷ. ಕನ್ನಡದಲ್ಲಿ ದಿನವಿಡೀ ಸುದ್ದಿ ಹೇಳುವ ವಾಹಿನಿಗಳ ಭರಾಟೆ 2006ರ ನಂತರದ್ದು. ಇದರಿಂದ ಲಾಭವೂ ಆಗಿದೆ. ದೂರದ ಹಳ್ಳಿಯ ಕಷ್ಟ ನಗರದ ಕಣ್ಣಿಗೆ ಬಿದ್ದಿದೆ. ಆದರೆ ಇಪ್ಪತ್ತನಾಲ್ಕು ಗಂಟೆಯೂ ಮಾತಾಡುತ್ತಲೇ ಇರಬೇಕಾದವನಿಗೆ ಯೋಚಿಸಲು ಸಮಯ ಎಲ್ಲಿದೆ? ಅಂಕಣಕಾರ ಮಧ್ಯಾಹ್ನ ಕಂಡದ್ದನ್ನು ರಾತ್ರಿ ಮೆಲುಕು ಹಾಕಿ, ಬೆಳಿಗ್ಗೆ ಬರೆದು, ಸಂಜೆ ತಿದ್ದುತ್ತಾನೆ. ತೆರೆಯ ಮೇಲಿರುವವನು ಕೇಳಿದ ಮರುಕ್ಷಣ ಹೇಳಬೇಕು. ಹೇಳಲು ಏನೂ ಇಲ್ಲದಾಗಲೂ ಹೇಳಬೇಕು.

ಇನ್ನೊಂದು ಮಾತು. ಕ್ಯಾಮೆರಾ ತೋರಿಸುವುದು ಒಂದು ಚೌಕಟ್ಟಿನೊಳಗಿನದನ್ನು ಮಾತ್ರ. ಅದರ ಆಚೆ ಏನಿತ್ತು, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಕತ್ತರಿಸಿದವನೇ ಬಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನದೇ ತಪ್ಪಿನಿಂದ ಕಲಿತೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

2018ರ ಮೇ ತಿಂಗಳು

ಆ ತಿಂಗಳನ್ನು ಬೆಂಗಳೂರಿನವರು ಮರೆತಿರಲಾರರು. ಮೇ 12ರಂದು ವಿಧಾನಸಭೆಯ ಚುನಾವಣೆ ನಡೆಯಿತು. ನಮ್ಮ ಪಕ್ಕದ ರಾಜರಾಜೇಶ್ವರಿನಗರದಲ್ಲಿ ಮತದಾನವನ್ನು 28ಕ್ಕೆ ಮುಂದೂಡಲಾಗಿತ್ತು. 15ರಂದು ಫಲಿತಾಂಶ ಬಂತು. ಯಾವ ಪಕ್ಷಕ್ಕೂ ಬಹುಮತವಿಲ್ಲ. 17ರಂದು ಯಡಿಯೂರಪ್ಪನವರ ಪ್ರಮಾಣವಚನ, 19ರಂದು ರಾಜೀನಾಮೆ, 23ರಂದು ಕುಮಾರಸ್ವಾಮಿಯವರ ಪ್ರಮಾಣವಚನ. ಮನೆಮನೆಯಲ್ಲಿ ಟೀವಿ ಆರಿದ್ದೇ ಇಲ್ಲ.

ಆ ವರ್ಷ ಮೇ 13ರ ಭಾನುವಾರ ವಿಶ್ವ ಸಂಪರ್ಕ ಮಾಧ್ಯಮ ದಿನವೂ ಆಗಿತ್ತು. ಪೋಪ್ ಫ್ರಾನ್ಸಿಸ್ ಆ ದಿನಕ್ಕಾಗಿ ಕೊಟ್ಟ ಸಂದೇಶದ ವಿಷಯವೇ ಸುಳ್ಳು ಸುದ್ದಿ ಮತ್ತು ಶಾಂತಿಗಾಗಿ ಪತ್ರಿಕೋದ್ಯಮ. ಏದೆನ್ ತೋಟದ ಸರ್ಪವೇ ಮೊದಲ ಸುಳ್ಳು ಸುದ್ದಿಯನ್ನು ಹರಡಿತು, ಪೂರ್ತಿ ಸುಳ್ಳನ್ನು ಹೇಳದೆ ಸತ್ಯದ ತುಣುಕಿಗೆ ಸುಳ್ಳನ್ನು ಬೆರೆಸಿತು ಎಂದು ಅವರು ವಿವರಿಸಿದ್ದರು. ನಾನು ಅದನ್ನು ಆಧರಿಸಿ ಪ್ರಬೋಧನೆ ಕೊಟ್ಟೆ. ಚೆನ್ನಾಗಿತ್ತೆಂದು ಕೆಲವರು ಹೊರಗೆ ಬಂದು ಕೈಮುಗಿದರು.

ಆರು ದಿನ ಕಳೆಯಿತು. 19ರ ಶನಿವಾರ ಮಧ್ಯಾಹ್ನ ನಾನೂ ಎಲ್ಲರಂತೆ ವಿಧಾನಸಭೆಯ ನೇರಪ್ರಸಾರದ ಮುಂದೆ ಕುಳಿತಿದ್ದೆ. ಫೋನಿಗೆ ಒಂದು ವಿಡಿಯೋ ಬಂತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ, ಮಕ್ಕಳ ಕಳ್ಳರು ಬೆಂಗಳೂರಿಗೆ ಬಂದಿದ್ದಾರೆ, ಎಚ್ಚರ ಎಂಬ ಬರಹ. ನನ್ನ ಕಣ್ಣು ಟೀವಿಯ ಮೇಲೆಯೇ ಇತ್ತು. ಬೆರಳು ಆ ವಿಡಿಯೋವನ್ನು ನಮ್ಮ ಪಾಲನಾ ಸಮಿತಿಯ ವಾಟ್ಸಾಪ್ ಗುಂಪಿಗೆ ಕಳುಹಿಸಿತು. ಮಕ್ಕಳ ಒಳ್ಳೆಯದಕ್ಕಲ್ಲವೇ ಎಂದುಕೊಂಡೆ.

ಮರುದಿನ ಧರ್ಮೋಪದೇಶದ ತರಗತಿಗೆ ಅರ್ಧ ಮಕ್ಕಳು ಬರಲಿಲ್ಲ. ಸೋಮವಾರ ನಮ್ಮ ಹಿಂದಿನ ಬೀದಿಯಲ್ಲಿ ಬೆಡ್‌ಶೀಟು ಮಾರಲು ಬಂದಿದ್ದ ಉತ್ತರದ ಕಡೆಯ ಹುಡುಗನೊಬ್ಬನನ್ನು ಜನ ತಡೆದು ನಿಲ್ಲಿಸಿದರಂತೆ. ಅವನಿಗೆ ಕನ್ನಡ ಬಾರದು. ಗಂಟು ಬಿಚ್ಚಿಸಿ ನೋಡಿದರಂತೆ. ಒಬ್ಬ ಹಿರಿಯರು ನಡುವೆ ಬಂದದ್ದರಿಂದ ಅವನು ಏಟು ತಿನ್ನದೆ ಹೋದ. ಆಗ ಗುಂಪಿನಲ್ಲಿದ್ದ ಒಬ್ಬರು ಹೇಳಿದ ಮಾತು ನನ್ನ ಕಿವಿಗೆ ಬಿತ್ತು: "ಸುಮ್ಮನೆ ಅಲ್ಲ, ಫಾದರೇ ಕಳಿಸಿದ್ದಾರೆ."

ಬುಧವಾರ 23ರಂದು ಎಲ್ಲ ವಾಹಿನಿಗಳೂ ವಿಧಾನಸೌಧದ ಮುಂದಿನ ಪ್ರಮಾಣವಚನ ಸಮಾರಂಭದ ಕಡೆ ಮುಖಮಾಡಿದ್ದವು. ಅದೇ ದಿನ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆಂದು ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನರು ಕಟ್ಟಿಹಾಕಿ ಹೊಡೆದು ಕೊಂದರು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ.

ನಾನು ಕಳುಹಿಸಿದ ಆ ವಿಡಿಯೋ ಬೆಂಗಳೂರಿನದ್ದಲ್ಲ, ಭಾರತದ್ದೂ ಅಲ್ಲ ಎಂದು ಆಮೇಲೆ ತಿಳಿಯಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಪೋಷಕರನ್ನು ಎಚ್ಚರಿಸಲು ತಯಾರಿಸಿದ್ದ ಒಂದು ಕಿರುಚಿತ್ರ. ಅದರ ಕೊನೆಯಲ್ಲಿ ಆ ಇಬ್ಬರೂ ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು. ಒಳ್ಳೆಯ ಉದ್ದೇಶದ ಚಿತ್ರ ಕೆಲವು ಕ್ಷಣಗಳ ಕತ್ತರಿಯಿಂದ ಕೊಲ್ಲುವ ಆಯುಧವಾಯಿತು.

ಚಾಮರಾಜಪೇಟೆಯ ಆ ಸಾವಿಗೂ ನನ್ನ ಬೆರಳಿಗೂ ನೇರ ಸಂಬಂಧವಿಲ್ಲ ಎಂದು ಸ್ನೇಹಿತ ಗುರುಗಳೊಬ್ಬರು ಸಮಾಧಾನ ಹೇಳಿದರು. ಇರಲಾರದು. ಆದರೆ ಹೊಡೆದವರ ಫೋನುಗಳಿಗೆ ಅದನ್ನು ಕಳುಹಿಸಿದವರೂ ನನ್ನಂತೆಯೇ ಒಳ್ಳೆಯದಕ್ಕೆಂದುಕೊಂಡೇ ಕಳುಹಿಸಿರಬೇಕಲ್ಲವೇ? ಬೆಡ್‌ಶೀಟಿನ ಆ ಹುಡುಗನ ಹತ್ತಿರ ಒಬ್ಬ ಹಿರಿಯರು ನಿಂತಿರದಿದ್ದರೆ? ಮುಂದಿನ ಭಾನುವಾರ ನಾನು ಪೀಠದ ಮುಂದೆ ನಿಂತು ಜನರ ಕ್ಷಮೆ ಕೇಳಿದೆ. ಆ ಪ್ರಬೋಧನೆಯನ್ನು ಯಾರೂ ಚೆನ್ನಾಗಿತ್ತೆಂದು ಹೊಗಳಲಿಲ್ಲ.

ಎರಡು ತಿಂಗಳೂ ಕಳೆಯಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಹೈದರಾಬಾದಿನ ಸ್ನೇಹಿತರ ಗುಂಪನ್ನು ಜನ ಅಡ್ಡಗಟ್ಟಿ ಅವರಲ್ಲಿ ಒಬ್ಬನನ್ನು ಕೊಂದರು. ಆ ತಿಂಗಳೇ ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹಾಕಿತು. ಯಂತ್ರಕ್ಕೆ ಮಿತಿ ಹಾಕಬಹುದು. ಮನಸ್ಸಿಗೆ?

ತಪ್ಪೊಪ್ಪಿಕೊಂಡ ಒಂದು ಅಂಕಣ

ಈಗ 'ಕಂಡ ಹಾಗೆ' ಎಂಬ ಅಂಕಣಕ್ಕೆ ಹಿಂದಿರುಗೋಣ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶರನ್ನು ರಾಜರಾಜೇಶ್ವರಿನಗರದ ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಅವರ ರಾಜಕೀಯ ನಿಲುವುಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮ ನಡುವೆ ಇದ್ದಾರೆ. ಇಲ್ಲಿ ನನ್ನ ವಿಷಯ ಅದಲ್ಲ. ಅವರು ಕೊನೆಯದಾಗಿ ಬರೆದ ಸಂಪಾದಕೀಯ ಅಂಕಣದ ವಿಷಯ ಸುಳ್ಳು ಸುದ್ದಿಯಾಗಿತ್ತು.

ಆ ವರ್ಷ ಗಣೇಶನ ಹಬ್ಬದ ಸಮಯದಲ್ಲಿ, ಸರ್ಕಾರ ಹಬ್ಬಕ್ಕೆ ಕಠಿಣ ಷರತ್ತುಗಳನ್ನು ಹಾಕಿದೆ ಎಂಬ ಸಂದೇಶವೊಂದು ರಾಜ್ಯದಲ್ಲೆಲ್ಲ ಹರಡಿತ್ತು. ಕೊನೆಗೆ ಪೊಲೀಸ್ ಮಹಾನಿರ್ದೇಶಕರೇ ಪತ್ರಕರ್ತರನ್ನು ಕರೆದು ಅಂಥ ಷರತ್ತುಗಳಿಲ್ಲವೆಂದು ಹೇಳಬೇಕಾಯಿತು. ಆ ಸುಳ್ಳು ಹುಟ್ಟಿ ಬೆಳೆದ ಬಗೆಯನ್ನು ಗೌರಿಯವರು ಬಿಡಿಸಿ ಬರೆದರು. ಆದರೆ ಅದೇ ಬರಹದಲ್ಲಿ ಅವರು ತಮ್ಮದೇ ತಪ್ಪನ್ನೂ ಬರೆದುಕೊಂಡರು. ಪಾಟ್ನಾದಲ್ಲಿ ನಡೆದ ಒಂದು ರಾಜಕೀಯ ಸಮಾವೇಶದ ಜನಸಾಗರದ ಫೋಟೋವನ್ನು ಅವರು ಹಂಚಿಕೊಂಡಿದ್ದರು. ಅವರಿಗೆ ಇಷ್ಟವಾಗುವಂಥ ಫೋಟೋ ಅದು. ಸ್ವಲ್ಪ ಹೊತ್ತಿನಲ್ಲೇ ಮಿತ್ರರೊಬ್ಬರು ಅದು ನಕಲಿ ಎಂದು ತಿಳಿಸಿದರು. ಅವರು ಅದನ್ನು ತಕ್ಷಣ ತೆಗೆದುಹಾಕಿ, ತಪ್ಪಾಯಿತೆಂದು ಒಪ್ಪಿಕೊಂಡು, ನಕಲಿ ಚಿತ್ರವನ್ನೂ ಅಸಲಿ ಚಿತ್ರವನ್ನೂ ಜೊತೆಗಿಟ್ಟು ತೋರಿಸಿದರು.

ಎದುರಾಳಿಯ ಸುಳ್ಳನ್ನು ಬಯಲು ಮಾಡುವುದು ಸುಲಭ. ನಾನು ಮೆಚ್ಚುವವರ ಪರವಾದ ಸುಳ್ಳನ್ನು, ಅದೂ ನಾನೇ ಹಂಚಿದ ಸುಳ್ಳನ್ನು, ನನ್ನ ಕೈಯಿಂದಲೇ ಬಯಲು ಮಾಡುವುದು ಕಷ್ಟ. ನಾವು ಯಾವ ಪಕ್ಷದವರೇ ಆಗಿರಲಿ, ಕಲಿಯಬೇಕಾದ ಪಾಠ ಅದು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 2016ರ ನವೆಂಬರಿನಲ್ಲಿ, ಅವರ ಪತ್ರಿಕೆಯ ಹಳೆಯ ವರದಿಯೊಂದರ ಮೇಲಿನ ಮಾನನಷ್ಟ ಮೊಕದ್ದಮೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತ್ತು. ಅವರು ಜಾಮೀನು ಪಡೆದಿದ್ದರು. ಬರಹದಿಂದ ನೋವಾಯಿತು ಎನ್ನುವವರಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು, ಬರೆದವರು ಅದರ ಮುಂದೆ ಹೋಗಿ ನಿಂತಿದ್ದರು. ಹೆಸರು ಹಾಕಿ ಬರೆಯುವುದೆಂದರೆ ಹೀಗೆ ಉತ್ತರಕ್ಕೆ ಸಿದ್ಧವಾಗಿರುವುದು. ಗುಂಡು ಹಾರಿಸಿದವರು ಮಾತಿಗೆ ಉತ್ತರ ಕೊಡಲಿಲ್ಲ, ಉತ್ತರಿಸುವ ದಾರಿಯನ್ನೇ ಮುಚ್ಚಿದರು.

ಹತ್ತು ಕಟ್ಟಳೆಗಳಲ್ಲಿ ಎಂಟನೆಯದು

ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೇವೆ. ಅದು ಕೋರ್ಟಿಗೆ ಹೋಗುವವರಿಗೆ ಎಂದುಕೊಂಡಿದ್ದೇವೆ. ಆದರೆ ಇಂದು ಮೊಬೈಲಿರುವ ಪ್ರತಿಯೊಬ್ಬರೂ ದಿನಕ್ಕೆ ಹತ್ತು ಸಲ ಸಾಕ್ಷಿಕಟ್ಟೆಯಲ್ಲಿ ನಿಲ್ಲುತ್ತಾರೆ. ಬಂದ ಸಂದೇಶಕ್ಕೆ ಬರೆದವನ ಹೆಸರಿಲ್ಲ. ನಾವು ಅದನ್ನು ಮುಂದಕ್ಕೆ ಕಳುಹಿಸಿದ ಕ್ಷಣ ನಮ್ಮ ಹೆಸರೇ ಅದರ ಸಹಿಯಾಗುತ್ತದೆ. "ಫಾದರೇ ಕಳಿಸಿದ್ದಾರೆ" ಎಂಬ ಮಾತಿನ ಅರ್ಥ ಇದೇ. ನಿಮ್ಮ ಮನೆಯಲ್ಲಿ ಅದು "ಅಪ್ಪನೇ ಕಳಿಸಿದ್ದಾರೆ", "ಅಕ್ಕನೇ ಕಳಿಸಿದ್ದಾಳೆ" ಎಂದಾಗುತ್ತದೆ. ನಂಬುವವರು ಸಂದೇಶವನ್ನಲ್ಲ, ನಿಮ್ಮನ್ನು ನಂಬುತ್ತಾರೆ.

ಸಂತ ಲೂಕ ತನ್ನ ಶುಭಸಂದೇಶದ ಮೊದಲ ಸಾಲುಗಳಲ್ಲಿಯೇ, ಕಣ್ಣಾರೆ ಕಂಡವರಿಂದ ಬಂದದ್ದನ್ನು ಮೊದಲಿನಿಂದ ಎಚ್ಚರಿಕೆಯಿಂದ ವಿಚಾರಿಸಿ, ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ತಿಳಿಸುತ್ತಾನೆ. ದೇವರ ಶುಭವಾರ್ತೆಯನ್ನು ಬರೆಯುವವನಿಗೇ ವಿಚಾರಿಸುವ ಹೊಣೆ ಇದ್ದಮೇಲೆ ಬಾಕಿ ವಾರ್ತೆಗಳಿಗೆ ವಿನಾಯಿತಿ ಎಲ್ಲಿಂದ ಬಂತು? ಪತ್ರಕರ್ತರ ಪಾಲಕ ಸಂತರಾದ ಫ್ರಾನ್ಸಿಸ್ ದ ಸೇಲ್ಸ್ ಅವರು ತಮ್ಮ ಮಾತು ಕೇಳಲು ಬಾರದವರ ಮನೆಗಳಿಗೆ ಹಾಳೆಗಳಲ್ಲಿ ಬರೆದು ಹಂಚುತ್ತಿದ್ದರು, ಬಾಗಿಲ ಸಂದಿಯಿಂದ ಒಳಗೆ ಸರಿಸುತ್ತಿದ್ದರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಅವರೂ ಒಂದು ಬಗೆಯಲ್ಲಿ ಸಂದೇಶ ಕಳುಹಿಸಿದವರೇ. ಆದರೆ ಆ ಹಾಳೆಗಳು ಹೆಸರಾದದ್ದು ಮೃದುವಾದ ಮಾತಿಗೆ. ಅವುಗಳಿಂದ ಯಾರ ಮೈಮೇಲೂ ಏಟು ಬೀಳಲಿಲ್ಲ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳು

1. ಒಂದು ರಾತ್ರಿ ಕಾಯುವುದು. ಕೋಪ ಅಥವಾ ಭಯ ಹುಟ್ಟಿಸುವ ಸುದ್ದಿ ಬಂದಾಗ ಮರುದಿನ ಬೆಳಗಿನವರೆಗೆ ಯಾರಿಗೂ ಕಳುಹಿಸಬೇಡಿ. ನಿಜವಾದ ಅಪಾಯವಾದರೆ ಗುಂಪಿಗೆ ಕಳುಹಿಸುವುದಲ್ಲ, ಪೊಲೀಸರಿಗೆ ಫೋನು ಮಾಡುವುದು ದಾರಿ.

2. ಮೂರು ಪ್ರಶ್ನೆ ಕೇಳುವುದು. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ತಪ್ಪಾದರೆ ಅವರು ಉತ್ತರ ಕೊಡುತ್ತಾರೆಯೇ? ವಿಡಿಯೋ ಆದರೆ ನಾಲ್ಕನೆಯ ಪ್ರಶ್ನೆಯೂ ಇದೆ: ಇದಕ್ಕೆ ಮೊದಲು ಮತ್ತು ಆಮೇಲೆ ಏನಿತ್ತು?

3. ವರದಿ ಯಾವುದು, ಅನಿಸಿಕೆ ಯಾವುದು ಎಂದು ಗುರುತಿಸುವುದು. ವಾರಕ್ಕೊಮ್ಮೆ ಮಕ್ಕಳೊಂದಿಗೆ ಪತ್ರಿಕೆಯ ಒಂದು ಪುಟವನ್ನು ಹಿಡಿದು ಕೂರಿ. ವರದಿಯ ಕೆಳಗೆ ನೀಲಿ ಗೆರೆ, ಅನಿಸಿಕೆಯ ಕೆಳಗೆ ಕೆಂಪು ಗೆರೆ ಎಳೆಯಲು ಹೇಳಿ. ಟೀವಿಯ ಚರ್ಚೆಯನ್ನೂ ಹೀಗೆಯೇ ಬ್ಲೇಡಿನಿಂದ ಸೀಳಿದ ಹಾಗೆ ಎರಡು ಮಾಡಿ ನೋಡಬಹುದು. ಕೆಂಪು ಎಷ್ಟು ಹೆಚ್ಚು ಎಂದು ಮಕ್ಕಳೇ ನಿಮಗೆ ಹೇಳುತ್ತಾರೆ.

4. ನಮಗೆ ಇಷ್ಟವಾದ ಸುದ್ದಿಯನ್ನು ಹೆಚ್ಚು ಅನುಮಾನಿಸುವುದು. ನಮ್ಮ ಪಕ್ಷ, ನಮ್ಮ ಜಾತಿ, ನಮ್ಮ ಭಾಷೆ, ನಮ್ಮ ಧರ್ಮಸಭೆಯ ಪರವಾಗಿ ಬಂದ ಸುಳ್ಳು ಸುಳ್ಳೇ.

5. ತಪ್ಪಾದರೆ ಅಲ್ಲಿಯೇ ತಿದ್ದುವುದು. ಯಾವ ಗುಂಪಿಗೆ ಕಳುಹಿಸಿದ್ದೀರೋ ಅದೇ ಗುಂಪಿನಲ್ಲಿ "ನಾನು ಕಳುಹಿಸಿದ್ದು ಸುಳ್ಳು, ಕ್ಷಮಿಸಿ" ಎಂದು ಬರೆಯಿರಿ. ಸುಮ್ಮನೆ ಅಳಿಸಿದರೆ ಸಾಲದು. ಓದಿದವರ ಮನಸ್ಸಿನಿಂದ ಅದು ಅಳಿಯುವುದಿಲ್ಲ.

ವಿಜಯನಗರದ ಆ ತಾತನಿಗೆ ಅಂದು ನಾನು ಕೊಟ್ಟ ಉತ್ತರ ಇಷ್ಟೇ: "ಪೇಪರಿನಲ್ಲಿ ಬರೆದವನ ಹೆಸರಿದೆ. ಟೀವಿಯಲ್ಲಿ ಹೇಳಿದವನ ಮುಖವಿದೆ. ಮೊಬೈಲಿನಲ್ಲಿ ಬಂದದ್ದಕ್ಕೆ ಎರಡೂ ಇಲ್ಲ. ನಾಳೆ ಬೆಳಗಿನ ತನಕ ಕಾಯೋಣ." ಮರುದಿನ ಮೊಮ್ಮಗಳೇ ಫೋನು ಮಾಡಿದಳು. "ಫಾದರ್, ಯಾರೂ ಸತ್ತಿರಲಿಲ್ಲ. ತಾತ ಹೇಳಿದ್ದೇ ಸರಿ. ನಾನು ನಮ್ಮ ಕಾಲೇಜಿನ ಗುಂಪಿನಲ್ಲಿ ತಪ್ಪಾಯ್ತು ಅಂತ ಹಾಕಿದ್ದೀನಿ."

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದರು ನಮ್ಮ ಹಿರಿಯರು. ಕಣ್ಣಿನ ಎದುರಿಗೆ ನಡೆದದ್ದಕ್ಕೇ ಅವರು ಅಷ್ಟು ಎಚ್ಚರ ಹೇಳಿದ್ದರು. ಅಂಗೈಯ ಗಾಜಿನಲ್ಲಿ ಕಂಡದ್ದಕ್ಕೆ ಇನ್ನೆಷ್ಟು ಎಚ್ಚರ ಬೇಕು?

ಕುಟುಂಬದಲ್ಲಿ ಕೂಡಿ ಚರ್ಚಿಸಲು

1. ಕಳೆದ ತಿಂಗಳು ನಮ್ಮ ಮನೆಯಲ್ಲಿ ಯಾರಾದರೂ ಸುಳ್ಳು ಸುದ್ದಿಯನ್ನು ಮುಂದಕ್ಕೆ ಕಳುಹಿಸಿದ್ದುಂಟೇ? ಅದನ್ನು ತಿದ್ದಿದೆವೇ?

2. ಯಾವ ವಿಷಯದ ಸುದ್ದಿ ಬಂದರೆ ನಾವು ವಿಚಾರಿಸದೆ ನಂಬಿಬಿಡುತ್ತೇವೆ? ಏಕೆ?

3. ನಮ್ಮ ಬೀದಿಗೆ ಪರಭಾಷೆಯ ಮಾರಾಟಗಾರನೊಬ್ಬ ಬಂದಾಗ ಜನರು ಅವನನ್ನು ತಡೆದರೆ, ನಡುವೆ ಬಂದು ನಿಲ್ಲುವ ಆ ಹಿರಿಯರು ನಾವಾಗಬಲ್ಲೆವೇ?